ರೋಗಿಯ ಹೆಸರಿನ ಕಾಲಂ: ಡೊಂಬಿವಲಿಯ ಒಂದು ಮನೆಗೆ ವಿರಾಮ ಆರೈಕೆ ಹೊಂದಿಸಿದ ಪ್ರಕರಣ

ಈ ಪ್ರಕರಣ 2025ರ ಜೂನ್‌ನಲ್ಲಿ ಆರಂಭವಾಗಿ ಅಕ್ಟೋಬರ್ ಕೊನೆಯವರೆಗೆ ನಡೆಯಿತು. ಮುಂಬಯಿಯ ಒಂದು ಕನ್ನಡ ಸಂಘದ ವೈದ್ಯಕೀಯ ನೆರವು ಉಪಸಮಿತಿಯಲ್ಲಿ ನಾನು ಎಂಟು ವರ್ಷಗಳಿಂದ ಇದ್ದೇನೆ. ಅದಕ್ಕೂ ಮೊದಲು ಆಸ್ಪತ್ರೆಯೊಂದರಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದೆ. ಕುಟುಂಬದವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟು, ನಡೆದದ್ದನ್ನು ಇಲ್ಲಿ ದಾಖಲಿಸಿದ್ದೇನೆ. ರೆಸ್ಪೈಟ್ ಕೇರ್ ಎಂಬುದಕ್ಕೆ ಕನ್ನಡದಲ್ಲಿ ಇನ್ನೂ ರೂಢಿಯ ಹೆಸರಿಲ್ಲ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ಕೆಲವು ಗಂಟೆಯೋ ಕೆಲವು ದಿನವೋ ಬಿಡುವು ಸಿಗಲೆಂದು ಆ ಹೊಣೆಯನ್ನು ಬೇರೆಯವರು ವಹಿಸಿಕೊಳ್ಳುವ ವ್ಯವಸ್ಥೆ ಅದು; ನಾನು ವಿರಾಮ ಆರೈಕೆ ಎಂದು ಬರೆಯುತ್ತೇನೆ.

ಮನೆ

ಡೊಂಬಿವಲಿ ಪೂರ್ವದಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ, ಒಂದು ಕೋಣೆ, ಹಾಲ್ ಮತ್ತು ಅಡುಗೆಮನೆಯಿರುವ ಮನೆ. ಕುಂದಾಪುರದ ಕಡೆಯವರು. ಅತ್ತೆಗೆ 79 ವರ್ಷ, ಆಲ್ಜೈಮರ್ ಎಂದು ತಿಳಿದು ನಾಲ್ಕು ವರ್ಷವಾಗಿದೆ. ಸೊಸೆಗೆ 49. ಅವರ ಗಂಡ ಠಾಣೆಯಲ್ಲಿ ಮತ್ತೊಬ್ಬರ ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ತಿಂಗಳಿಗೆ 28,000 ರೂಪಾಯಿ ಸಂಬಳ, ರಾತ್ರಿ ಗಲ್ಲಾ ಮುಚ್ಚಿ ಮನೆ ಸೇರುವಾಗ ಹನ್ನೆರಡು ಗಂಟೆ. ಮಗ ಕಾಲೇಜಿನಲ್ಲಿದ್ದಾನೆ. ಮೈದುನ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದು ತಿಂಗಳಿಗೆ ಮೂರು ಸಾವಿರ ಕಳುಹಿಸುತ್ತಿದ್ದರು.

ಭಾರತದಲ್ಲಿ 60 ದಾಟಿದವರ ಪೈಕಿ ಶೇಕಡಾ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ, ಡಿಮೆನ್ಶಿಯಾ, ಅಂದರೆ ಆಲ್ಜೈಮರ್‌ನಂಥ ಮರೆವಿನ ಕಾಯಿಲೆ, ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜು ಹೇಳುತ್ತದೆ. ಆ 88 ಲಕ್ಷದ ಹಿಂದೆ ಎಷ್ಟು ಸೊಸೆಯಂದಿರು, ಹೆಣ್ಣುಮಕ್ಕಳು, ಹೆಂಡಂದಿರು ನಿಂತಿದ್ದಾರೆಂಬುದನ್ನು ನಾವು ಲೆಕ್ಕ ಹಾಕುವುದಿಲ್ಲ. ಈ ಮನೆಯಲ್ಲಿ ನಿಂತವರು ಒಬ್ಬರೇ. ಅತ್ತೆ ಸಂಜೆ ಐದಕ್ಕೆ ಎದ್ದು ಬಾಗಿಲ ಚಿಲಕ ಎಳೆಯುತ್ತಾ "ಮನಿಗ್ ಹೋಯ್ಕ್, ಮನಿಗ್ ಹೋಯ್ಕ್" ಎನ್ನುತ್ತಾರೆ. ರಾತ್ರಿ ಎರಡು ಮೂರು ಬಾರಿ ಬಟ್ಟೆ ಒದ್ದೆಯಾಗುತ್ತದೆ. ಸ್ನಾನದ ಕೋಣೆಗೆ ಎತ್ತಿಯೇ ಕರೆದೊಯ್ಯಬೇಕು. ಅವರು ಹೋಗಬೇಕೆನ್ನುವ ಊರಿನ ಮನೆಯನ್ನು ಕೆಡವಿ ಹದಿನೈದು ವರ್ಷವಾಯಿತು.

ಸೊಸೆ ನನ್ನ ಬಳಿಗೆ ಬಂದದ್ದು ಅತ್ತೆಯ ವಿಷಯಕ್ಕಲ್ಲ. ಅವರಿಗೆ ಗರ್ಭಕೋಶದಲ್ಲಿ ಗಡ್ಡೆಗಳಿದ್ದು, ತಿಂಗಳಿನ ಸ್ರಾವ ಹೆಚ್ಚಾಗಿ ಹಿಮೋಗ್ಲೋಬಿನ್ 7.8ಕ್ಕೆ ಇಳಿದಿತ್ತು. ಗರ್ಭಕೋಶ ತೆಗೆಸಬೇಕೆಂದು ವೈದ್ಯರು ಹೇಳಿ ಒಂದೂವರೆ ವರ್ಷ ಕಳೆದಿತ್ತು, ಮೂರು ಬಾರಿ ದಿನ ಗೊತ್ತುಮಾಡಿ ಮೂರು ಬಾರಿಯೂ ಮುಂದಕ್ಕೆ ಹಾಕಿದ್ದರು. "ಅಕ್ಕಾ, ಆಪರೇಷನ್ ಆಗಿ ಆರು ವಾರ ಭಾರ ಎತ್ತಬಾರದಂತೆ. ಅತ್ತೆಯನ್ನು ಎತ್ತದೆ ನಮ್ಮನೆಯಲ್ಲಿ ಒಂದು ದಿನವೂ ಬೆಳಗಾಗುವುದಿಲ್ಲ" ಎಂದರು. ಸಂಘದಿಂದ ಶಸ್ತ್ರಚಿಕಿತ್ಸೆಗೆ ಏನಾದರೂ ಸಿಗಬಹುದೇ ಎಂಬುದಷ್ಟೇ ಅವರ ಪ್ರಶ್ನೆ. ಅದಕ್ಕಿಂತ ದೊಡ್ಡ ಪ್ರಶ್ನೆಯೊಂದು ಮನೆಯಲ್ಲಿದೆಯೆಂದು ಅವರಿಗೆ ಅನ್ನಿಸಿದ್ದಂತಿರಲಿಲ್ಲ.

ಆರೈಕೆದಾರರ ಹೊರೆಯನ್ನು ಅಳೆಯಲು ಬಳಸುವ ಜಾರಿಟ್ ಪ್ರಶ್ನಾವಳಿಯಲ್ಲಿ 22 ಪ್ರಶ್ನೆಗಳಿವೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು 88. ಒಂದೊಂದನ್ನೂ ಕನ್ನಡದಲ್ಲಿ ಕೇಳುತ್ತಾ ಹೋದೆ. ಈ ಹೊಣೆಯನ್ನು ಬೇರೆಯವರಿಗೆ ಬಿಟ್ಟುಕೊಡಬೇಕೆಂದು ಅನ್ನಿಸುತ್ತದೆಯೇ ಎಂಬರ್ಥದ ಪ್ರಶ್ನೆ ಬಂದಾಗ ತಟ್ಟನೆ "ಇಲ್ಲ, ಸೊನ್ನೆ ಹಾಕಿ" ಎಂದರು. ಮುಂದಿನ ಮೂರು ಪ್ರಶ್ನೆ ಮುಗಿದ ಮೇಲೆ, ತಲೆ ಎತ್ತದೆಯೇ, "ಆಗಿನದ್ದಕ್ಕೆ ಮೂರು ಹಾಕಿ" ಎಂದರು. ಒಟ್ಟು 57 ಬಂತು. ಮಧ್ಯಮದಿಂದ ತೀವ್ರ ಎಂಬ ವರ್ಗ. ಆ ಅಂಕಕ್ಕಿಂತ ಸೊನ್ನೆ ಮೂರಾಗಲು ಹಿಡಿದ ನಾಲ್ಕು ನಿಮಿಷವೇ ನನಗೆ ಹೆಚ್ಚು ಹೇಳಿತು.

ಹಣ ಎಲ್ಲೆಲ್ಲಿ ಇರಲಿಲ್ಲ

ಮುಂದಿನ ಎರಡು ವಾರ ನಾನು ಮಾಡಿದ ಕೆಲಸವೆಂದರೆ ಒಂದೊಂದೇ ಬಾಗಿಲು ತಟ್ಟಿ ನೋಡಿದ್ದು. ಇಂಥ ಸಂದರ್ಭದಲ್ಲಿ ಇರುವ ಕುಟುಂಬಗಳು ಇದೇ ಬಾಗಿಲುಗಳಿಗೆ ಅಲೆಯುವುದರಿಂದ ಇದನ್ನು ತುಸು ವಿವರವಾಗಿ ಬರೆಯುತ್ತಿದ್ದೇನೆ.

ವಿರಾಮ ಆರೈಕೆಯ ಹೆಸರನ್ನೇ ಹೇಳುವ ಕೇಂದ್ರ ಸರ್ಕಾರದ ಯೋಜನೆಯೆಂದರೆ 1999ರ ಕಾಯ್ದೆಯಡಿ ಸ್ಥಾಪಿತವಾದ ನ್ಯಾಷನಲ್ ಟ್ರಸ್ಟಿನ 'ಸಮರ್ಥ್'. ಆದರೆ ಆ ಟ್ರಸ್ಟ್ ಇರುವುದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗಾಗಿ. 79ರ ಹರೆಯದಲ್ಲಿ ಮರೆವು ಹಿಡಿದವರು ಆ ನಾಲ್ಕರೊಳಗೆ ಬರುವುದಿಲ್ಲ. ಹಿರಿಯ ನಾಗರಿಕರಿಗೆಂದು ಸಾಮಾಜಿಕ ನ್ಯಾಯ ಸಚಿವಾಲಯದ ಅಟಲ್ ವಯೋ ಅಭ್ಯುದಯ ಯೋಜನೆಯ ಅಡಿಯಲ್ಲಿ ವೃದ್ಧಾಶ್ರಮಗಳಿಗೂ ಡಿಮೆನ್ಶಿಯಾ ಇರುವವರ ನಿಲಯಗಳಿಗೂ ಅನುದಾನವಿದೆ. ಅದು ಸಂಸ್ಥೆಯ ಕೈಗೆ ಹೋಗುವ ಹಣ, ಮನೆಯವರ ಕೈಗೆ ಬರುವುದಿಲ್ಲ. ಹಾಗಾಗಿ ಕುಟುಂಬದವರು ಕೇಳಬೇಕಾದದ್ದು ಯೋಜನೆಯ ಅರ್ಜಿಯನ್ನಲ್ಲ. ನಿಲಯಕ್ಕೆ ಫೋನ್ ಮಾಡಿದಾಗ "ನಿಮ್ಮಲ್ಲಿ ಅನುದಾನದ ಅಥವಾ ದಾನಿಗಳ ಹಾಸಿಗೆ ಇದೆಯೇ" ಎಂಬ ಒಂದು ಪ್ರಶ್ನೆಯನ್ನು. ಈ ಪ್ರಶ್ನೆ ಮುಂದೆ ನಮಗೆ ಉಪಯೋಗಕ್ಕೆ ಬಂತು.

70 ದಾಟಿದ ಎಲ್ಲರಿಗೂ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಕೊಡುವ ಆಯುಷ್ಮಾನ್ ವಯೋವಂದನಾ ಕಾರ್ಡನ್ನು 2024ರ ಅಕ್ಟೋಬರ್ 29ರಂದು ಜಾರಿಗೆ ತಂದ ಮೇಲೆ ಬಹಳ ಮನೆಗಳಲ್ಲಿ ಒಂದು ಯೋಚನೆ ಹುಟ್ಟಿಕೊಂಡಿದೆ. ಈ ಮನೆಯಲ್ಲೂ ಅದು ಬಂತು: ಅತ್ತೆಯನ್ನು ಯಾವುದಾದರೂ ಕಾರಣ ಹೇಳಿ ಆಸ್ಪತ್ರೆಗೆ ಸೇರಿಸಿ, ಡ್ರಿಪ್ ಹಾಕಿಸಿ, ಎರಡು ವಾರ ಇಟ್ಟರಾಯಿತಲ್ಲ. ನಾನು ಇದನ್ನು ಖಂಡಿತವಾಗಿ ಬೇಡವೆಂದೆ. ಕಾರ್ಡು ರೋಗದ ಚಿಕಿತ್ಸೆಗೆ ಇರುವುದು, ಇರಿಸಿಕೊಳ್ಳುವುದಕ್ಕಲ್ಲ ಎಂಬುದು ಒಂದು ಮಾತು; ಅದಕ್ಕಿಂತ ಮುಖ್ಯವಾಗಿ, ಮರೆವಿನ ಕಾಯಿಲೆಯವರನ್ನು ಗುರುತಿಲ್ಲದ ವಾರ್ಡಿನಲ್ಲಿ ಮಲಗಿಸಿದರೆ ದಿಗ್ಭ್ರಮೆ ಹೆಚ್ಚಾಗಿ, ಕೊಳವೆ ಕಿತ್ತುಕೊಂಡು, ಕೊನೆಗೆ ಕೈ ಕಟ್ಟಿಸಿಕೊಂಡು ಮಲಗುವ ಸ್ಥಿತಿಗೆ ಬರುವುದನ್ನು ನಾನು ವೃತ್ತಿಯಲ್ಲಿದ್ದಾಗ ಕಣ್ಣಾರೆ ಕಂಡಿದ್ದೇನೆ. ಆಸ್ಪತ್ರೆಗೆ ನಡೆದು ಹೋದವರು ಸ್ಟ್ರೆಚರಿನಲ್ಲಿ ಮನೆಗೆ ಬರುತ್ತಾರೆ.

ರಾಜ್ಯದ ಸಂಜಯ ಗಾಂಧಿ ನಿರಾಧಾರ ಅನುದಾನ, ಶ್ರಾವಣಬಾಳ ಮಾಸಾಶನ ಇವೆಲ್ಲಕ್ಕೂ ಈ ಕುಟುಂಬದ ಆದಾಯ ಹೆಚ್ಚಾಯಿತು. ಉಚಿತವಾಗಿ ಜನರನ್ನು ಇರಿಸಿಕೊಂಡು ಆರೈಕೆ ಮಾಡುವ ಜಾಗಗಳು ನಮ್ಮ ಸುತ್ತ ಇಲ್ಲವೆಂದಲ್ಲ: ಬಾಂದ್ರಾದಲ್ಲಿ 1986ರಿಂದ ಶಾಂತಿ ಅವೇದನಾ ಸದನವಿದೆ, ಅದರ ಶಾಖೆ ಗೋವಾದಲ್ಲೂ ಇದೆ; ಪುಣೆಯ ವಾರಜೆಯಲ್ಲಿ 1997ರಿಂದ ಸಿಪ್ಲಾ ಉಪಶಾಮಕ ಆರೈಕೆ ಕೇಂದ್ರವಿದೆ. ಎರಡೂ ಮುಖ್ಯವಾಗಿ ಕ್ಯಾನ್ಸರ್ ರೋಗಿಗಳಿಗೆ. ಇದನ್ನು ಹೇಳಿದಾಗ ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತೆಗೆ ಕ್ಯಾನ್ಸರ್ ಬಂದಿದ್ದರೆ ಜಾಗ ಸಿಗುತ್ತಿತ್ತಾ ಅಕ್ಕಾ?" ಎಂದು ಕೇಳಿ, ಕೇಳಿದ್ದಕ್ಕೆ ತಾವೇ ಕೆನ್ನೆ ಬಡಿದುಕೊಂಡರು.

ಅಂಗವೈಕಲ್ಯ ಪ್ರಮಾಣಪತ್ರದ ವಿಷಯದಲ್ಲಿ ನಾವು ಸ್ವಲ್ಪ ಮುಂದೆ ಹೋದೆವು. 2016ರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಡಿಮೆನ್ಶಿಯಾ ಎಂಬ ಪದವಿಲ್ಲವೆಂದು ಅನೇಕರು ಅರ್ಜಿಯನ್ನೇ ಹಾಕುವುದಿಲ್ಲ. ಆದರೆ ಮಾನಸಿಕ ಕಾಯಿಲೆಯಿಂದಾಗುವ ಅಸಾಮರ್ಥ್ಯವನ್ನು ಅಳೆಯುವ 'ಐಡಿಯಾಸ್' ಮಾಪನ ರೂಪುಗೊಂಡಾಗ ಅದರ ವ್ಯಾಪ್ತಿಯಲ್ಲಿ ಡಿಮೆನ್ಶಿಯಾ ಸೇರಿತ್ತು. ತನ್ನ ಕೆಲಸ ತಾನು ಮಾಡಿಕೊಳ್ಳುವುದು, ಜನರೊಡನೆ ಒಡನಾಟ, ಮಾತು ಮತ್ತು ಅರಿವು, ದುಡಿಮೆ ಎಂಬ ನಾಲ್ಕು ಬಗೆಯಲ್ಲಿ ಅಂಕ ಕೊಟ್ಟು ಶೇಕಡಾವಾರು ನಿರ್ಧರಿಸುತ್ತಾರೆ. ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದೆವು. ಹೆಚ್ಚಿನ ಬೆಂಬಲ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತು ಇದೇ ಕಾಯ್ದೆಯ 24ನೆಯ ಕಲಮಿನಲ್ಲಿದೆ. ಕೇರಳದಲ್ಲಿ ಆಶ್ವಾಸಕಿರಣಂ ಹೆಸರಿನಲ್ಲಿ ತಿಂಗಳಿಗೆ 600 ರೂಪಾಯಿ ಇದೆ. ಕರ್ನಾಟಕ 2024-25ರ ಮುಂಗಡಪತ್ರದಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಊರಿನಲ್ಲಿ ಕೇಳಿದ ಸುದ್ದಿಯನ್ನು ಗಂಡನ ಅಕ್ಕ ಫೋನಿನಲ್ಲಿ ಹೇಳಿದ್ದರಿಂದ ಈ ಸಾವಿರದ ಆಸೆ ಮನೆಯಲ್ಲಿ ಮೂಡಿತ್ತು. ಆ ನಾಲ್ಕು ಕಾಯಿಲೆಗಳಲ್ಲಿ ಇದಿಲ್ಲ, ಮೇಲಾಗಿ ರೇಷನ್ ಕಾರ್ಡು ಮಹಾರಾಷ್ಟ್ರದ್ದು ಎಂದು ನಾನೇ ಆ ಆಸೆಯನ್ನು ಕಿತ್ತುಹಾಕಬೇಕಾಯಿತು.

ತೆರಿಗೆಯ ದಾರಿಯಲ್ಲಿ ಒಂದು ವಿಚಿತ್ರ ಕಂಡಿತು. ಅವಲಂಬಿತರಾದ ಅಂಗವಿಕಲರ ಆರೈಕೆಗೆ 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಕಲಮಿನಲ್ಲಿ 75,000 ರೂಪಾಯಿ, ಶೇಕಡಾ 80 ಅಥವಾ ಅದಕ್ಕಿಂತ ಹೆಚ್ಚಿನ ಅಸಾಮರ್ಥ್ಯಕ್ಕೆ 1,25,000 ರೂಪಾಯಿ ಕಡಿತ ಆಗ ಇತ್ತು, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ಅತ್ತೆಯನ್ನು ನೋಡಿಕೊಳ್ಳುತ್ತಿರುವ ಹಿರಿಯ ಮಗನಿಗೆ ತೆರಿಗೆಯೇ ಬೀಳುವುದಿಲ್ಲ, ಆದ್ದರಿಂದ ಕಡಿತದಿಂದ ಒಂದು ರೂಪಾಯಿಯ ಲಾಭವೂ ಇಲ್ಲ. ತೆರಿಗೆ ಕಟ್ಟುವ ಕಿರಿಯ ಮಗ, ಅದನ್ನು ನಾನು ಪಡೆಯಬಹುದೇ ಎಂದು ಕೇಳಿದರು. ತಾಯಿ ಮುಖ್ಯವಾಗಿ ನಿಮ್ಮನ್ನೇ ಅವಲಂಬಿಸಿದ್ದರೆ ಮಾತ್ರ, ಮೂರು ಸಾವಿರ ಕಳುಹಿಸುವವರನ್ನು ಹಾಗೆನ್ನಲಾಗದು ಎಂದು ಉತ್ತರಿಸಿದೆ. ಈ ಉತ್ತರ ಅವರಿಗೆ ಚುಚ್ಚಿತೆಂದು ಆಗ ಅನ್ನಿಸಿತು. ಚುಚ್ಚಿದ್ದು ಒಳ್ಳೆಯದೇ ಆಯಿತು.

ಎರಡು ಅರ್ಜಿ

ನಮ್ಮ ಸಂಘದ ನೆರವು ನಿಧಿಯ ಅರ್ಜಿಯಲ್ಲಿ ಹದಿನಾರು ಕಾಲಂಗಳಿವೆ. ರೋಗಿಯ ಹೆಸರು, ರೋಗ, ಆಸ್ಪತ್ರೆ, ವೈದ್ಯರು, ದಾಖಲಾದ ದಿನ, ಬಿಲ್ಲಿನ ಮೊತ್ತ ಹೀಗೆ. ಜುಲೈ ಮೊದಲ ವಾರದ ಸಭೆಗೆ ಅತ್ತೆಯ ಹೆಸರಿನಲ್ಲಿ ಅರ್ಜಿ ಹಾಕಿಸಿದೆ. ಆರು ವಾರ ಅವರನ್ನು ನೋಡಿಕೊಳ್ಳಲು ತಗಲುವ ವೆಚ್ಚ ಎಂದು ಬರೆಸಿದೆ. ಅದು ನನ್ನ ತಪ್ಪು. ಆಸ್ಪತ್ರೆಯ ಕಾಲಂ ಖಾಲಿ, ಬಿಲ್ಲಿನ ಕಾಲಂ ಖಾಲಿ. ಸಮಿತಿಯ ಹಿರಿಯರೊಬ್ಬರು, ಕೆಟ್ಟ ಮನಸ್ಸಿನವರೇನಲ್ಲ, "ಮನೆಯ ಅತ್ತೆಯನ್ನು ನೋಡಿಕೊಳ್ಳಲು ಸಂಘ ದುಡ್ಡು ಕೊಡುವುದೆಂದರೆ ನಾಳೆ ಎಲ್ಲರೂ ಕೇಳುತ್ತಾರೆ" ಎಂದರು. ಎಲ್ಲರೂ ಕೇಳುವಷ್ಟು ಜನರಿಗೆ ಬೇಕಾಗಿದೆ ಎಂದೇ ಅದರರ್ಥವಲ್ಲವೇ ಎಂದು ನಾನು ಅನ್ನಬಹುದಿತ್ತು, ಅನ್ನಲಿಲ್ಲ. ಅರ್ಜಿ ವಾಪಸು ಬಂತು.

ಹಿಮೋಗ್ಲೋಬಿನ್ ಹತ್ತಕ್ಕೆ ಏರುವವರೆಗೆ ಶಸ್ತ್ರಚಿಕಿತ್ಸೆ ಮಾಡುವುದಿಲ್ಲವೆಂದು ವೈದ್ಯರು ಕಬ್ಬಿಣದ ಇಂಜೆಕ್ಷನ್ ಆರಂಭಿಸಿದ್ದರಿಂದ ನಮಗೆ ಆರು ವಾರ ಸಿಕ್ಕಿತ್ತು. ಆ ಅವಧಿಯಲ್ಲಿ ಎರಡು ಕೆಲಸವಾಯಿತು. ಒಂದು, ಕಲ್ಯಾಣದ ತಹಶೀಲ್ದಾರ್ ಕಚೇರಿಯಿಂದ ಆದಾಯ ಪ್ರಮಾಣಪತ್ರ. ಮಹಾರಾಷ್ಟ್ರದಲ್ಲಿ ಧರ್ಮಾದಾಯ ಆಸ್ಪತ್ರೆಗಳು ಬಾಂಬೆ ಹೈಕೋರ್ಟಿನ 2006ರ ಆದೇಶದಂತೆ ಶೇಕಡಾ 10 ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿಯೂ ಇನ್ನೂ ಶೇಕಡಾ 10ನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲೂ ಕೊಡಬೇಕು. ದುರ್ಬಲ ವರ್ಗದ ವಾರ್ಷಿಕ ಆದಾಯ ಮಿತಿ 3,60,000 ರೂಪಾಯಿ. ಈ ಮನೆಯದು 3,36,000. ಪ್ರಮಾಣಪತ್ರ ಕೈಗೆ ಬರಲು ಮೂರು ವಾರ ಹಿಡಿದರೂ ಶಸ್ತ್ರಚಿಕಿತ್ಸೆಯ ಖರ್ಚು ಹಿಡಿತಕ್ಕೆ ಬಂತು.

ಎರಡನೆಯದು, ಅರ್ಜಿಯನ್ನು ತಿರುಗಿಸಿ ಬರೆದದ್ದು. ರೋಗಿಯ ಹೆಸರಿನ ಕಾಲಮಿನಲ್ಲಿ ಈಗ ಸೊಸೆಯ ಹೆಸರು. ರೋಗ: ಗರ್ಭಕೋಶದ ಗಡ್ಡೆ, ತೀವ್ರ ರಕ್ತಹೀನತೆ. ಬೇಡಿಕೆ: ಶಸ್ತ್ರಚಿಕಿತ್ಸೆಯ ನಂತರದ ಚೇತರಿಕೆಯ ವೆಚ್ಚ. ಇದರೊಂದಿಗೆ ಸ್ತ್ರೀರೋಗ ತಜ್ಞರ ಒಂದು ಪತ್ರ, ಅದರಲ್ಲಿ ಎರಡೇ ವಾಕ್ಯ: ಆರು ವಾರ ಭಾರ ಎತ್ತುವಂತಿಲ್ಲ, ಮನೆಯಲ್ಲಿ ಎತ್ತಿ ಇಳಿಸಬೇಕಾದ ರೋಗಿಯಿರುವುದರಿಂದ ಬದಲಿ ವ್ಯವಸ್ಥೆ ಚಿಕಿತ್ಸೆಯ ಭಾಗವೆಂದು ಪರಿಗಣಿಸಬೇಕು. ಎರಡನೆಯ ವಾಕ್ಯವನ್ನು ಬರೆಯಲು ವೈದ್ಯರು ಹಿಂಜರಿಯಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ತಮ್ಮನ್ನು ಇಂಥದ್ದನ್ನು ಕೇಳಿರಲಿಲ್ಲ ಎಂದಷ್ಟೇ ಹೇಳಿದರು. ವೆಚ್ಚದ ಅಂದಾಜು ಪಟ್ಟಿಯನ್ನು ನಾನೇ ಟೈಪ್ ಮಾಡಿ ಲಗತ್ತಿಸಿದೆ. ಜುಲೈ ಕೊನೆಯ ಸಭೆಯಲ್ಲಿ ನಿಧಿಯ ಗರಿಷ್ಠ ಮೊತ್ತವಾದ 20,000 ರೂಪಾಯಿ ಹತ್ತು ನಿಮಿಷದಲ್ಲಿ ಮಂಜೂರಾಯಿತು, ಮೊದಲ ಅರ್ಜಿಯನ್ನು ತಳ್ಳಿದ ಹಿರಿಯರೇ ಅನುಮೋದಿಸಿದರು.

ನನಗೆ ಸಂತೋಷವಾಯಿತು, ಜೊತೆಗೆ ಸಿಟ್ಟೂ ಬಂತು. ಎರಡೂ ಅರ್ಜಿಗಳಲ್ಲಿ ಕೇಳಿದ್ದು ಒಂದೇ ಹಣವನ್ನು, ಒಂದೇ ಕೆಲಸಕ್ಕೆ. ನಾಲ್ಕು ವರ್ಷ ಎತ್ತಿ ಇಳಿಸಿದ ಹೆಂಗಸಿಗೆ ಬಿಡುವು ಬೇಕೆಂದರೆ ಕಾಲಂ ಇಲ್ಲ. ಆಕೆಯೇ ರೋಗಿಯಾಗಿ ಮಲಗಿದರೆ ಇದೆ. ಸರ್ಕಾರದ ಕಾರ್ಡುಗಳಿಂದ ಹಿಡಿದು ನಮ್ಮ ಸಂಘದ ಹದಿನಾರು ಕಾಲಮಿನವರೆಗೆ ಹಣವೆಲ್ಲ ರೋಗದ ಹೆಸರಿನಲ್ಲಿದೆ. ಆದ್ದರಿಂದ ಇಂದಿನ ಸ್ಥಿತಿಯಲ್ಲಿ ವಿರಾಮ ಆರೈಕೆಗೆ ನೆರವು ಹುಡುಕುವವರಿಗೆ ನನ್ನ ಸಲಹೆ ಇಷ್ಟೇ: 'ವಿಶ್ರಾಂತಿ' ಎಂಬ ಪದವನ್ನು ಅರ್ಜಿಯಲ್ಲಿ ಬರೆಯಬೇಡಿ. ಆರೈಕೆದಾರರ ಮೊಣಕಾಲು, ಬೆನ್ನು, ರಕ್ತದೊತ್ತಡ, ಮುಂದೆ ಹಾಕಿದ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಇವುಗಳನ್ನು ವೈದ್ಯರಿಂದ ಬರೆಸಿ, ಬದಲಿ ಆರೈಕೆಯನ್ನು ಅದರ ಚಿಕಿತ್ಸೆಯೆಂದು ತೋರಿಸಿ. ಇದರಲ್ಲಿ ಸುಳ್ಳೇನೂ ಇಲ್ಲ.

ಜಾಗ ಹುಡುಕಿದ್ದು

ಊರಿಗೆ ಕಳುಹಿಸುವುದು ಎಲ್ಲರ ಮೊದಲ ಸಲಹೆ. ಮತ್ಸ್ಯಗಂಧ ರೈಲಿನಲ್ಲಿ ರಾತ್ರಿಯಿಡೀ, ಚಿಲಕ ಎಳೆಯುವ ಅಭ್ಯಾಸವಿರುವ ಅಜ್ಜಿಯನ್ನು ಕರೆದೊಯ್ದು, ಮೊಣಕಾಲು ನೋವಿನ ಮಗಳ ಕೈಗೆ ಒಪ್ಪಿಸುವುದೆಂದರೆ ಆರೈಕೆದಾರರಲ್ಲಿ ಒಬ್ಬರನ್ನು ಇಳಿಸಿ ಇನ್ನೊಬ್ಬರನ್ನು ಏರಿಸಿದಂತೆ. ಅದನ್ನು ಬಿಟ್ಟೆವು. ಡಿಮೆನ್ಶಿಯಾ ಇರುವವರ ಡೇ ಕೇರ್ ಮುಂಬಯಿಯಲ್ಲಿ ಡಿಗ್ನಿಟಿ ಫೌಂಡೇಶನ್‌ನಂಥ ಸಂಸ್ಥೆಗಳಲ್ಲಿ ಇದೆ. ಬೆಳಗಿನ ಡೊಂಬಿವಲಿ ಲೋಕಲ್ ಕಂಡವರಾರೂ ಅಜ್ಜಿಯನ್ನು ಅದರಲ್ಲಿ ಹತ್ತಿಸುವ ಮಾತಾಡುವುದಿಲ್ಲ.

ಮನೆಗೇ ಇಪ್ಪತ್ತನಾಲ್ಕು ಗಂಟೆಯ ಆಯಾ ಇಡೋಣವೆಂದು ಒಂದು ಬ್ಯೂರೋಗೆ ಹಣ ಕಟ್ಟಿದರು. ಬಂದ ಹುಡುಗಿ ಮೂರು ಮಹಡಿ, ಒಂದೇ ಕೋಣೆ, ರಾತ್ರಿಯ ಕೂಗಾಟ ನೋಡಿ ಎರಡನೆಯ ದಿನ ಬೆಳಿಗ್ಗೆ ಹೊರಟುಹೋದಳು. ನೋಂದಣಿಯ 1,500 ರೂಪಾಯಿ ವಾಪಸು ಬರಲಿಲ್ಲ, ಹಗಲಿನ ಆಯಾ ಕಳುಹಿಸುವಾಗ ಅದನ್ನೇ ಹಿಡಿದುಕೊಳ್ಳುತ್ತೇವೆ ಎಂದರು. ಇನ್ನೊಂದು ನಿಲಯದವರು ಫೋನಿನಲ್ಲಿ ಎರಡು ವಾರಕ್ಕೆ ಸರಿ ಎಂದು, ಹೋಗಿ ನೋಡಿದ ದಿನ ಕನಿಷ್ಠ ಒಂದು ತಿಂಗಳ ಹಣ ಮತ್ತು ಅಷ್ಟೇ ಠೇವಣಿ ಕೇಳಿದರು.

ಬದಲಾಪುರದ ಕಡೆಯ ಒಂದು ಸಣ್ಣ ನಿಲಯದಲ್ಲಿ, ನಾನು ಮೇಲೆ ಹೇಳಿದ ಪ್ರಶ್ನೆ ಕೇಳಿದಾಗ, ದಾನಿಗಳ ಹಾಸಿಗೆಯೊಂದು ಆಗಸ್ಟ್ ಎರಡನೆಯ ವಾರದಿಂದ ಖಾಲಿಯಿರುತ್ತದೆ, ದಿನಕ್ಕೆ 1,600ರ ಬದಲು 1,400ಕ್ಕೆ ಕೊಡುತ್ತೇವೆ ಎಂದರು. ರಿಯಾಯಿತಿ ದೊಡ್ಡದಲ್ಲ. ನಾನು ಆ ಜಾಗವನ್ನು ಒಪ್ಪಿದ್ದು ಬೇರೆ ಕಾರಣಕ್ಕೆ. ರಾತ್ರಿ ಎಷ್ಟು ಜನ ಇರುತ್ತೀರಿ, ಶೌಚಕ್ಕೆ ಎಬ್ಬಿಸುತ್ತೀರೋ ಡೈಪರ್ ಹಾಕಿ ಬಿಡುತ್ತೀರೋ, ಗಲಾಟೆ ಮಾಡಿದರೆ ಏನು ಮಾಡುತ್ತೀರಿ ಎಂದು ಮೂರು ಪ್ರಶ್ನೆಗಳನ್ನು ಎಲ್ಲ ಕಡೆ ಕೇಳಿದ್ದೆ. ಕೊನೆಯದಕ್ಕೆ ಬೇರೆಯವರು "ನಿದ್ದೆ ಮಾತ್ರೆ ಇದೆ" ಎಂದಿದ್ದರು. ಇಲ್ಲಿನ ಮೇಲ್ವಿಚಾರಕಿ, "ಅವರಿಗೆ ಏನು ಕೆಲಸ ಇಷ್ಟ?" ಎಂದು ನನ್ನನ್ನೇ ಕೇಳಿದರು.

ಹದಿನಾಲ್ಕು ದಿನ

ಮಾತಿನ ತೊಡಕು ನನಗೆ ಮೊದಲಿನಿಂದ ಇತ್ತು. ನಲವತ್ತು ವರ್ಷ ಮುಂಬಯಿಯಲ್ಲಿ ಬಾಳಿ, ಮೀನು ಮಾರ್ಕೆಟ್ಟಿನಲ್ಲಿ ಮರಾಠಿಯಲ್ಲೇ ಜಗಳವಾಡುತ್ತಿದ್ದ ಈ ಅಮ್ಮನಿಗೆ ಈಗ ಮರಾಠಿಯೂ ಹಿಂದಿಯೂ ಹೋಗಿವೆ. ಉಳಿದಿರುವುದು ಕುಂದಗನ್ನಡವೊಂದೇ. ಆದ್ದರಿಂದ ಸೊಸೆ ಮತ್ತು ಮೊಮ್ಮಗ ಕೂತು ಒಂದು ಹಾಳೆ ತಯಾರಿಸಿದರು: ಎಡಗಡೆ ಕನ್ನಡದ ಮಾತು ದೇವನಾಗರಿ ಲಿಪಿಯಲ್ಲಿ, ಬಲಗಡೆ ಮರಾಠಿಯಲ್ಲಿ ಅರ್ಥ. ಉಂಬುಕ್ ಅಂದರೆ ಊಟಕ್ಕೆ. ಕೂಕಣಿ ಅಂದರೆ ಕೂತುಕೊಳ್ಳಿ. ಉಚ್ಚಿ. ನೀರ್. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಚಪಾತಿ ಕೊಟ್ಟರೆ ತಟ್ಟೆ ತಳ್ಳುತ್ತಾರೆ. ಸಂಜೆ ಐದಕ್ಕೆ ಮುಂಚೆ ಮೊರದಲ್ಲಿ ಅಕ್ಕಿ ಹಾಕಿ ಮುಂದಿಡಿ, ಕಲ್ಲು ಆರಿಸುತ್ತಾ ಕೂರುತ್ತಾರೆ, ಕಲ್ಲಿಲ್ಲದಿದ್ದರೂ ಆರಿಸುತ್ತಾರೆ.

ಶಸ್ತ್ರಚಿಕಿತ್ಸೆಗೆ ಎರಡು ದಿನ ಮುಂಚೆ ಅವರನ್ನು ಬಿಟ್ಟು ಬಂದೆವು. ಹಾಳೆಯನ್ನು ಗೋಡೆಗೆ ಅಂಟಿಸಿದರು. ಆದರೂ ಮೂರನೆಯ ದಿನ ಫೋನ್ ಬಂತು: ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ, ಬಾಯಿ ತೆರೆಯುತ್ತಿಲ್ಲ. ಸೊಸೆ ಅಂದು ಆಸ್ಪತ್ರೆಯ ಹಾಸಿಗೆಯಲ್ಲಿದ್ದರು, ಅವರಿಗೆ ತಿಳಿಸುವುದು ಬೇಡವೆಂದು ನಾನೇ ಹೋದೆ. ಹೋಗುವಷ್ಟರಲ್ಲಿ ಕೆಲಸ ಮುಗಿದಿತ್ತು. ರಜೆಯಿಂದ ಮರಳಿದ ಒಬ್ಬ ಆಯಾ ಅಕ್ಕಲಕೋಟದ ಕಡೆಯವಳು. ಸೊಲ್ಲಾಪುರ ಜಿಲ್ಲೆಯ ಆ ಭಾಗದಲ್ಲಿ ಮನೆಮಾತು ಕನ್ನಡವಾಗಿರುವವರು ಬಹಳ. ಗೋಡೆಯ ಹಾಳೆ ಓದಿ ನಕ್ಕು, ತನ್ನದೇ ಮಾತಿನಲ್ಲಿ "ಊಟ ಮಾಡ್ ಬರ್ರಿ ಅವ್ವಾರ" ಎಂದಿದ್ದಾಳೆ. ಅಮ್ಮ ಆಕೆಯ ಮುಖವನ್ನೇ ನೋಡಿ "ನಿನ್ ಊರ್ ಯಾವ್ದ್ ಹೆಣೆ?" ಎಂದರಂತೆ. ಅಕ್ಕಲಕೋಟ ಎಂದರೆ ಅವರಿಗೆ ಏನು ತಿಳಿಯಿತೋ, ಗಂಜಿಯ ಬಟ್ಟಲನ್ನಂತೂ ಕೈಗೆ ತೆಗೆದುಕೊಂಡರು. ನಾನು ತಲುಪಿದಾಗ ಇಬ್ಬರೂ ಮೊರದ ಮುಂದೆ ಕೂತಿದ್ದರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ತಿಳಿಯದಿದ್ದರೂ ಮಾತು ನಡೆದಿತ್ತು.

ಹದಿನಾಲ್ಕು ದಿನಗಳಲ್ಲಿ ಎಲ್ಲವೂ ಸುಸೂತ್ರವಾಗಿರಲಿಲ್ಲ. ಒಮ್ಮೆ ಜಾರಿ ಮೊಣಕೈ ತರಚಿತು, ಒಂದೂವರೆ ಕಿಲೋ ತೂಕ ಇಳಿಯಿತು. ಮನೆಗೆ ಕರೆತಂದಾಗ ಮೂರು ಮಹಡಿ ಏರಿಸಲು ಕಟ್ಟಡದ ಹುಡುಗರು ಕುರ್ಚಿಯಲ್ಲಿ ಕೂರಿಸಿ ಎತ್ತಿದರು. ಅಮ್ಮ ಸೊಸೆಯನ್ನು ನೋಡಿ ಗುರುತಿಸಿದ ಯಾವ ಲಕ್ಷಣವೂ ಕಾಣಲಿಲ್ಲ. ಹಿಂದೆಯೂ ಕೆಲವು ದಿನ ಹಾಗೇ ಇರುತ್ತಿತ್ತು, ಹೊಸದಲ್ಲ ಎಂದು ಸೊಸೆ ಹೇಳಿದರು. ಆದರೆ ಅಂದು ರಾತ್ರಿ ತಾನು ಬಿಟ್ಟು ಬಂದದ್ದಕ್ಕೇ ಹೀಗಾಯಿತೇ ಎಂದು ಫೋನ್ ಮಾಡಿ ಕೇಳಿದರು. ಈ ಅಪರಾಧಿ ಭಾವಕ್ಕೆ ನನ್ನ ಬಳಿ ಅರ್ಜಿಯ ನಮೂನೆ ಇರಲಿಲ್ಲ. ಇಂಥ ಮನೆಗಳಿಗೆ ಹಾಸಿಗೆಯಷ್ಟೇ ಕೇಳಿಸಿಕೊಳ್ಳುವ ಕಿವಿಯೂ ಬೇಕು. ಗೋವಾದಲ್ಲಿ 81 ಕುಟುಂಬಗಳೊಂದಿಗೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅಲ್ಪಾವಧಿಯ ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಡಿಮೆನ್ಶಿಯಾ ಇರುವವರ ಮನೆಗೆ ಹೋಗಿ ತಿಳಿವಳಿಕೆ, ಸಾಂತ್ವನ ಕೊಟ್ಟದ್ದರಿಂದಲೇ ಆರೈಕೆದಾರರ ಮಾನಸಿಕ ಆರೋಗ್ಯ ಸುಧಾರಿಸಿದ್ದು ಕಂಡುಬಂದಿತ್ತು. ನಾವು ಅಷ್ಟನ್ನು ವ್ಯವಸ್ಥಿತವಾಗಿ ಮಾಡಲಿಲ್ಲ. ಸಂಘದ ಮಹಿಳಾ ವಿಭಾಗದ ಇಬ್ಬರು ವಾರಕ್ಕೊಮ್ಮೆ ಹೋಗಿ ಕೂತು ಬಂದರು, ಅಷ್ಟೇ.

ಲೆಕ್ಕ

ನಂತರದ 28 ದಿನ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಬ್ಯೂರೋದ ಆಯಾ, ದಿನಕ್ಕೆ 750. ರಾತ್ರಿಯ ಹೊಣೆ ಗಂಡನದು. ಹೋಟೆಲಿನ ಮಾಲೀಕರು ಒಂದು ತಿಂಗಳು ಅವರನ್ನು ಬೆಳಗಿನ ಪಾಳಿಗೆ ಹಾಕಿದರು. ತಾಯಿಯ ಒದ್ದೆ ಬಟ್ಟೆಯನ್ನು ಮಗ ಬದಲಾಯಿಸಿದ್ದು ಆ ಮನೆಯಲ್ಲಿ ಅದೇ ಮೊದಲು. ಮೊದಲ ರಾತ್ರಿ ಒಂದು ಗಂಟೆ ಹಿಡಿಯಿತಂತೆ, ಕೊನೆಗೆ ಹತ್ತು ನಿಮಿಷ.

ನಿಲಯಕ್ಕೆ 19,600, ಆಯಾಗೆ 21,000, ಬ್ಯೂರೋ ನೋಂದಣಿ 1,500, ಡೈಪರ್ ಮತ್ತು ಔಷಧಿ 4,000, ಹೋಗಿ ಬರುವ ಗಾಡಿಗೆ 4,400. ಒಟ್ಟು 50,500 ರೂಪಾಯಿ. ಇದರಲ್ಲಿ ಸಂಘದಿಂದ 20,000, ಹೋಟೆಲಿನ ಮಾಲೀಕರು ಮುಂಗಡವೆನ್ನದೆ ಕೊಟ್ಟದ್ದು 10,000, ಮೈದುನ ಕಳುಹಿಸಿದ್ದು 12,500, ಉಳಿದ 8,000 ಮನೆಯದೇ. ಸೊಸೆಯ ಹಿಮೋಗ್ಲೋಬಿನ್ ಅಕ್ಟೋಬರ್‌ನಲ್ಲಿ 11.2. ಜಾರಿಟ್ ಅಂಕ 44. ಕಡಿಮೆಯಾದ ಹದಿಮೂರು ಅಂಕ ವಿಶ್ರಾಂತಿಯಿಂದ ಬಂದದ್ದೋ, ರಕ್ತ ಏರಿದ್ದರಿಂದಲೋ, ಗಂಡ ರಾತ್ರಿ ಏಳತೊಡಗಿದ್ದರಿಂದಲೋ ಎಂದು ಬಿಡಿಸಿ ಹೇಳಲಾರೆ. ನನ್ನ ಊಹೆ ಮೂರನೆಯದರ ಕಡೆಗಿದೆ.

ಸಂಘದ ಅರ್ಜಿಯಲ್ಲಿ ಹದಿನೇಳನೆಯ ಕಾಲಂ ಸೇರಿದೆ: 'ಮನೆಯಲ್ಲಿ ನೋಡಿಕೊಳ್ಳುವವರು ಯಾರು, ಅವರ ಆರೋಗ್ಯ ಹೇಗಿದೆ'. ಸದ್ಯಕ್ಕೆ ಪೆನ್ನಿನಲ್ಲಿ ಬರೆದು ಝೆರಾಕ್ಸ್ ಮಾಡಿಸಿದ್ದೇವೆ. ಯುಡಿಐಡಿಗಾಗಿ ತಪಾಸಣೆಯ ದಿನ ಇನ್ನೂ ಬರಬೇಕು. ಮೈದುನ ಈಗ ತಿಂಗಳಿಗೆ ಎಂಟು ಸಾವಿರ ಕಳುಹಿಸುತ್ತಾರೆ, ಅದರಿಂದ ಬುಧವಾರ ಮತ್ತು ಶನಿವಾರ ಮಧ್ಯಾಹ್ನ ಎರಡರಿಂದ ಆರರವರೆಗೆ ಅದೇ ಆಯಾ ಬರುತ್ತಾಳೆ. ಆ ನಾಲ್ಕು ಗಂಟೆ ಸೊಸೆ ಮನೆಯಲ್ಲಿರುವುದಿಲ್ಲ. ಎಲ್ಲಿಗೆ ಹೋಗುತ್ತಾರೆಂದು ನಾನು ಕೇಳಿಲ್ಲ.